ಒಂಬತ್ತನೆಯದು ಮಸಿ

ಆ ಅಕ್ಷರ ಗೋಡೆಯಲ್ಲಿರಲಿಲ್ಲ. ಸೂ-ಯಿನ್ ಎರಡು ಸಲ ಹುಡುಕಿದಳು. ನೆಲದಿಂದ ತಲೆಯೆತ್ತರದವರೆಗೆ ಮೂರು ಗೋಡೆಗಳಿಗೂ ಅಚ್ಚುಮೊಳೆಗಳ ಗೂಡುಗಳು. ಒಂದೊಂದು ಗೂಡಿನಲ್ಲೂ ಒಂದೊಂದು ಅಕ್ಷರ, ಸೀಸದಲ್ಲಿ ಎರಕ ಹೊಯ್ದದ್ದು, ಕನ್ನಡಿಯೊಳಗಿನ ಮುಖದಂತೆ ಎಡಬಲ ತಿರುಗಿದ್ದು. ಆರು ವರ್ಷದಿಂದ ತೈಪೆಯ ಈ ಗಲ್ಲಿಯ ಮುದ್ರಣಾಲಯದಲ್ಲಿ ಎಡಗೈಯಲ್ಲಿ ಮರದ ತಟ್ಟೆ ಹಿಡಿದು ಓಡಾಡಿದವಳಿಗೆ ಯಾವ ಅಕ್ಷರ ಎಲ್ಲಿದೆಯೆಂದು ಕಣ್ಣು ಹೇಳುವ ಮೊದಲೇ ಬೆರಳು ಹೇಳುತ್ತಿತ್ತು. ಇವತ್ತು ಬೆರಳು ಗಾಳಿಯಲ್ಲಿ ನಿಂತಿತು. ಪಕ್ಕದ ಗೋಡೆಯಲ್ಲಿ ಮೊಳೆ ಆರಿಸುತ್ತಿದ್ದ ಬೀ-ಹೋಂಗ್ ಅಕ್ಕನನ್ನು ಕೇಳಬಹುದಿತ್ತು. ಆದರೆ ಅಕ್ಕ ಮೊದಲು ನಗುತ್ತಾಳೆ, ಆಮೇಲೆ ಹೇಳುತ್ತಾಳೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಮತ್ತೊಮ್ಮೆ ಎಲ್ಲರ ಮುಂದೆ ನಗುತ್ತಾಳೆ. ಇಲ್ಲದ ಅಕ್ಷರವನ್ನು ಕೇಳುವುದಕ್ಕಿಂತ ಮಾಡಿಕೊಳ್ಳುವುದೇ ಮೇಲು. ಅದು ಸೂ-ಯಿನ್‌ಗೆ ಗೊತ್ತಿತ್ತು: ಬೇರೆ ಎರಡು ಮೊಳೆಗಳನ್ನು ಉದ್ದಕ್ಕೆ ಸೀಳಿ, ಇದರ ಅರ್ಧಕ್ಕೆ ಅದರ ಅರ್ಧ ಕೂಡಿಸಿ, ಅರದಿಂದ ಉಜ್ಜಿ, ನಡುವೆ ಕೂದಲು ತೂರದಂತೆ ಒತ್ತಿ ಕಟ್ಟಿದರೆ ಹೊಸ ಅಕ್ಷರ. ರಸಾಯನಶಾಸ್ತ್ರದ ಪಾಠ ಬರೆದ ಶೆ ಮೇಷ್ಟ್ರ ಹಸ್ತಪ್ರತಿಯಲ್ಲಿ ಅದರ ಎಡಭಾಗ ‘ಕುರಿ’ ಎಂಬ ಗುರುತು. ಕುರಿ ಇರುವುದು ‘ಹಾರು’ ಎಂಬ ಅಕ್ಷರದಲ್ಲಿ. ಬಲಭಾಗ ಇರುವುದು ‘ಹಗುರ’ ಎಂಬುದರಲ್ಲಿ. ಎರಡನ್ನೂ ತೆಗೆದು ಕಿಟಕಿಯ ಹತ್ತಿರ ಕೂತು ಸೀಳಿದಳು. ಬೇಡವಾದ ಅರ್ಧಗಳು, ಹಾರುವುದರ ರೆಕ್ಕೆ, ಹಗುರದ ಬಂಡಿ, ಕಾಲಬಳಿಯ ಚೂರಿನ ಡಬ್ಬಿಗೆ ಬಿದ್ದವು. ಉಳಿದರ್ಧಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಡಿದು ಬೆಳಕಿಗೆ ಎತ್ತಿದಳು.

ಹಸ್ತಪ್ರತಿಯ ಅಂಚಿನಲ್ಲಿ ಮೇಷ್ಟ್ರು ಮೊಳೆ ಜೋಡಿಸುವವರಿಗೆಂದೇ ಸಣ್ಣಗೆ ಬರೆದಿದ್ದರು: ಈ ಅಕ್ಷರ ಗೊತ್ತಿಲ್ಲವೆಂದು ಬಿಟ್ಟುಬಿಡಬೇಡಿ. ಆಮ್ಲಜನಕವೂ ಜಲಜನಕವೂ ಕೈಹಿಡಿದು ನಿಂತಾಗ ಅವಕ್ಕಿರುವ ಹೆಸರು ಇದು. ಬರೆಯುವಾಗ ಇದರರ್ಧ ಅದರರ್ಧ. ಓದುವಾಗಲೂ ಹಾಗೇ: ಜಲಜನಕ ‘ಚಿಂಗ್’, ಆಮ್ಲಜನಕ ‘ಯಾಂಗ್’, ಸೇರಿ ‘ಚಿಯಾಂಗ್’. ಸೂ-ಯಿನ್ ತುಟಿಯಲ್ಲೇ ಹೇಳಿಕೊಂಡಳು. ಚಿಂಗ್. ಯಾಂಗ್. ಚಿಯಾಂಗ್. ಮೈ ಜುಮ್ಮೆಂದಿತು. ಗೂಡಿನಲ್ಲಿ ಜಲಜನಕ, ಆಮ್ಲಜನಕ ಎಂಬ ಎರಡು ಅಕ್ಷರಗಳ ನೆತ್ತಿಯ ಮೇಲೂ ಸೂರಿನಂತೆ ಚಾಚಿದ ‘ಗಾಳಿ’ ಎಂಬ ಮಾಡು ಇರುವುದು ಅವಳಿಗೆ ಗೊತ್ತಿತ್ತು. ಮಾಡಿನ ಕೆಳಗೆ ಒಂದರಲ್ಲಿ ಕುರಿ, ಇನ್ನೊಂದರಲ್ಲಿ ಆ ಹಗುರದ ಅರ್ಧ. ಇಲ್ಲಿ ಎರಡೂ ತಮ್ಮ ಮಾಡು ಬಿಟ್ಟು ಹೊರಗೆ ಬಂದು ಅಕ್ಕಪಕ್ಕ ನಿಂತಿವೆ. ಯಾರೋ ಬೇಕೆಂದೇ ಹೀಗೆ ಮಾಡಿದ್ದಾರೆ. ಯಾರೋ ಒಬ್ಬರು ಕೂತು, ಯೋಚಿಸಿ, ಇಬ್ಬರನ್ನೂ ಸೀಳಿ, ಅವಳ ಹಾಗೆಯೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿರಬೇಕು.

ಮೊಳೆ ಆರಿಸುವವರು ಓದುವುದಿಲ್ಲ. ಓದಿದರೆ ಕೈ ನಿಧಾನವಾಗುತ್ತದೆ. ‘ಮದುವೆ’ ಎಂದು ಬರೆದಿದ್ದರೆ ಅದು ಎರಡನೆಯ ಗೋಡೆ, ಐದನೆಯ ಸಾಲು, ಅಷ್ಟೇ. ಯಾರ ಮದುವೆ ಎಂದು ಕೇಳಬಾರದು. ಆದರೆ ಇವತ್ತು ಒಂದು ಅಕ್ಷರದೊಳಗೆ ಇಣುಕಿದ ಕಣ್ಣು ಹಿಂದಕ್ಕೆ ಬರಲಿಲ್ಲ. ಮುಂದಿನ ಸಾಲನ್ನು ಅವಳು ಆರಿಸುವ ಬದಲು ಓದಿದಳು. ಕೂಡಿರುವ ಪ್ರತಿಯೊಂದು ಪರಮಾಣುವೂ ತನ್ನ ಸುತ್ತ ಎಂಟು ಚುಕ್ಕೆ, ಎಂದರೆ ಎಂಟು ಎಲೆಕ್ಟ್ರಾನು, ಬಯಸುತ್ತದೆ. ಜಲಜನಕಕ್ಕೆ ಎರಡು ಸಾಕು. ನಡುವೆ ಇರುವ ಜೋಡಿ ಚುಕ್ಕೆ ಇಬ್ಬರಿಗೂ ಸೇರಿದ್ದು, ಇಬ್ಬರ ಲೆಕ್ಕಕ್ಕೂ ಬರುತ್ತದೆ. ಸೂ-ಯಿನ್ ಇಲ್ಲಿ ನಿಂತಳು. ಇಬ್ಬರ ಲೆಕ್ಕಕ್ಕೂ? ಕೊಟ್ಟವನು ಕಳೆದುಕೊಳ್ಳುವುದಿಲ್ಲವೇ? ಅವಳಿಗೆ ಗೊತ್ತಿದ್ದದ್ದು ಬೇರೆ ಥರ. ಶಾಲೆಯಲ್ಲಿ ಒಂದು ಹಲಗೆ ಇತ್ತು, ದಾರ ಪೋಣಿಸಿದ್ದು, ‘ನಾನು ಮನೆಮಾತು ಆಡಿದೆ’ ಎಂದು ಬರೆದದ್ದು. ಶಾಲೆಯ ಭಾಷೆ ಬಿಟ್ಟು ಮನೆಯ ಭಾಷೆ ಆಡಿದವರ ಕೊರಳಿಗೆ ಅದು. ಇನ್ನೊಬ್ಬರ ಬಾಯಿಂದ ಮನೆಮಾತು ಹೊರಬಿದ್ದಾಗ ಹಿಡಿದು ಅವರ ಕೊರಳಿಗೆ ಹಾಕಿದರೆ ನಿನ್ನದು ಹಗುರ. ಸೂ-ಯಿನ್‌ಗೆ ಹಿಡಿಯಲು ಆಗಲಿಲ್ಲ. ಪಕ್ಕದ ಹುಡುಗಿ ರಬ್ಬರು ಬಿದ್ದಾಗ ಮನೆಮಾತಿನಲ್ಲಿ ‘ಅಯ್ಯೋ’ ಎಂದದ್ದು ಕೇಳಿಸಿತ್ತು. ಹುಡುಗಿಯೂ ಇವಳನ್ನು ನೋಡಿದಳು, ಇವಳೂ ನೋಡಿದಳು, ಇವಳು ಕಿಟಕಿಯ ಕಡೆ ತಿರುಗಿಕೊಂಡಳು. ಹನ್ನೊಂದು ದಿನ ಹಲಗೆ ಇವಳ ಕೊರಳಲ್ಲೇ ಇತ್ತು. ಹನ್ನೆರಡನೆಯ ದಿನ ಶಾಲೆಗೆ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಮೇಷ್ಟ್ರು ಉಪ್ಪಿನ ಬಗ್ಗೆ ಬರೆದಿದ್ದ ಹಿಂದಿನ ಪಾಠ ಬಹುಶಃ ಆ ಹಲಗೆಯ ಥರ: ಒಬ್ಬ ಕೊಟ್ಟ, ಒಬ್ಬ ತೊಟ್ಟ. ಈ ಪಾಠದಲ್ಲಿ ಮಾತ್ರ ಯಾರೂ ಖಾಲಿಯಾಗುವುದಿಲ್ಲ. ಇದು ಹೇಗೆ ಸಾಧ್ಯ, ಇದನ್ನು ಎಷ್ಟು ಸಲೀಸಾಗಿ ಬರೆದುಬಿಟ್ಟಿದ್ದಾರೆ ಎಂದು ಅವಳಿಗೆ ನಗು ಬಂತು. ಮುಂದಿನ ಸಾಲು ಓದಿದಳು. ಹಂಚಿಕೊಳ್ಳದೆ ಉಳಿದ ಚುಕ್ಕೆಗಳು ಎರಡೆರಡಾಗಿ ಹೊರಮಗ್ಗುಲಿನಲ್ಲಿ ಕೂರುತ್ತವೆ. ಅವುಗಳ ಹೆಸರು ಒಂಟಿ ಜೋಡಿ. ವಿದ್ಯಾರ್ಥಿಗಳು ಇವನ್ನು ಬರೆಯಲು ಮರೆಯಬಾರದು.

ಒಂಟಿ ಜೋಡಿ. ಜೋಡಿಯಾಗಿದ್ದ ಮೇಲೆ ಒಂಟಿ ಹೇಗೆ? ಹೀಗೆ ಅಂದುಕೊಳ್ಳುತ್ತಿರುವಾಗಲೇ ಅವಳ ಕಣ್ಣು ಹಿಂದಿನ ಸಾಲಿಗೆ ಮರಳಿತು. ಹೊರಮಗ್ಗುಲು. ನಿನ್ನೆ ಪೂರ್ತಿ ದಿನ ಅವಳು ಜೋಡಿಸಿದ್ದು ಇದೇ ಪಾಠದ ಚಿತ್ರಗಳನ್ನು. ಮೊಳಕೆಕಾಳಿನಂತೆ ಬಾಗಿದ ಪರದೇಶದ ಅಕ್ಷರಗಳು, ಅವುಗಳ ನಡುವೆ ಚುಕ್ಕೆ. ಏಣಿಯ ಮೆಟ್ಟಿಲಿನಂಥದು ಜಲಜನಕ, ಬಳೆಯಂಥದು ಆಮ್ಲಜನಕ. ಎರಡು ಅಕ್ಷರಗಳ ನಡುವಿದ್ದ ಚುಕ್ಕೆಗಳನ್ನು ಅವಳು ಒಂದೂ ಬಿಡದೆ ಇಟ್ಟಿದ್ದಳು. ಆದರೆ ಹೊರಗಡೆ, ಎದುರಿಗೆ ಯಾರೂ ಇಲ್ಲದ ಕಡೆ, ಬಳೆಯ ನೆತ್ತಿಯ ಮೇಲೆ, ಪಾದದ ಕೆಳಗೆ ಇದ್ದವನ್ನು ಬಿಟ್ಟಿದ್ದಳು. ಶೆ ಮೇಷ್ಟ್ರ ಪೆನ್ನು ಸೋರುತ್ತದೆ. ಅವರ ಹಸ್ತಪ್ರತಿ ಬಂದರೆ ಎಲ್ಲರೂ ‘ಸಿಡುಬು ಬಂತು’ ಎನ್ನುತ್ತಿದ್ದರು. ಹೋದ ತಿಂಗಳು ಇನ್ನೊಂದು ಪಾಠದಲ್ಲಿ ವಾಕ್ಯದ ನಡುವೆ ಸಿಡಿದ ಮಸಿಗೆಲ್ಲ ಸೂ-ಯಿನ್ ನಿಷ್ಠೆಯಿಂದ ಮೊಳೆ ಹಾಕಿದ್ದಳು, ಬೀ-ಹೋಂಗ್ ಅಕ್ಕ ಕರಡಚ್ಚನ್ನು ಎತ್ತಿ ಹಿಡಿದು ಇಡೀ ಕೋಣೆಗೆ ಓದಿ ತೋರಿಸಿದ್ದಳು, ಪ್ರತಿ ಮಚ್ಚೆಗೂ ಬಿಕ್ಕಳಿಸುತ್ತ. ಅಂದಿನಿಂದ ಅವಳ ಹೆಸರೇ ಮಚ್ಚೆ. ಹಾಗಾಗಿ ನಿನ್ನೆ ಅವಳು ಜಾಣೆಯಾಗಿದ್ದಳು. ಯಾರ ಕಡೆಗೂ ಮುಖ ಮಾಡದ ಚುಕ್ಕೆ ಯಾಕಿರುತ್ತದೆ? ಅದು ಮಸಿ.

ಚಿತ್ರದ ಹಾಳೆಗಳು ಇನ್ನೂ ಮೊಳೆಗೋಡೆಯ ಪಕ್ಕದ ಕಂಬಿಗೆ ಚುಚ್ಚಿಕೊಂಡಿದ್ದವು. ಅವಳು ತೆಗೆದು ಮಂಡಿಯ ಮೇಲೆ ಹಾಸಿ ಎಣಿಸತೊಡಗಿದಳು. ಎಣಿಕೆ ಯಾವಾಗಲೂ ಮನೆಯ ಭಾಷೆಯಲ್ಲೇ. ಮೊದಲ ಚಿತ್ರ, ನಡುವೆ ಇಂಗಾಲ, ನಾಲ್ಕು ಕಡೆ ಜಲಜನಕ: ಎಂಟು. ಸರಿ. ಅದಕ್ಕೆ ಹೊರಮಗ್ಗುಲೇ ಇಲ್ಲ. ಎರಡನೆಯದು ನೀರು: ನಡುವಿನವು ನಾಲ್ಕು, ಹೊರಗಿನವು ನಾಲ್ಕು, ಎಂಟು! ಮೂರನೆಯದರಲ್ಲಿ ಸಾರಜನಕ, ಹೊರಗೆ ಎರಡೇ ಎರಡು, ಒಳಗೆ ಆರು, ಎಂಟು! ಕ್ಲೋರಿನ್ನಿನ ಸುತ್ತ ಆರು ಮತ್ತು ಎರಡು. ಪ್ರತಿ ಸಲವೂ ಎಂಟು ಬಂದಾಗ, ತಪ್ಪು ದೊಡ್ಡದಾಗುತ್ತಿದೆ ಎಂದು ಹೆದರಬೇಕಾದ ಜಾಗದಲ್ಲಿ ಖುಷಿಯೇ ಉಕ್ಕುತ್ತಿತ್ತು, ಎರಡನ್ನೂ ಬೇರೆಬೇರೆ ಮಾಡಲು ಅವಳಿಗೆ ಆಗಲಿಲ್ಲ. ಇಂಗಾಲದ ಎರಡೂ ಬದಿಗೆ ಆಮ್ಲಜನಕ ನಿಂತ ಚಿತ್ರದಲ್ಲಿ ಎಡಗಡೆಯ ಬಳೆಗೆ ಎಂಟು ಸಿಕ್ಕಿತು. ಬಲಗಡೆಯದಕ್ಕೆ ಒಂಬತ್ತು. ಮತ್ತೆ ಎಣಿಸಿದಳು. ಒಂಬತ್ತು. ಹಾಳೆಯನ್ನು ಕಣ್ಣಿನ ಹತ್ತಿರ ತಂದಳು. ಮೇಲೆರಡು ಜೊತೆಜೊತೆಗೆ, ಕೆಳಗೆರಡು, ಮಗ್ಗುಲಲ್ಲಿ ನಾಲ್ಕು, ಒಂದು ಮಾತ್ರ ಮೂಲೆಯಲ್ಲಿ, ತನ್ನಷ್ಟಕ್ಕೆ. ಒಂಬತ್ತನೆಯದು ಮಸಿ! ಕುಣಿಯಬೇಕೆನಿಸಿತು. ಇನ್ನು ಮೇಷ್ಟ್ರ ಪೆನ್ನು ಎಷ್ಟು ಬೇಕಾದರೂ ಸೋರಲಿ, ಯಾವುದು ಮಚ್ಚೆ ಯಾವುದು ಚುಕ್ಕೆ ಎಂದು ಅವಳು ಹೇಳಬಲ್ಲಳು, ಇಡೀ ಮುದ್ರಣಾಲಯದಲ್ಲಿ ಅವಳೊಬ್ಬಳೇ ಹೇಳಬಲ್ಲಳು.

ಕೊನೆಯ ಚಿತ್ರ ಎರಡು ಹೊಟ್ಟೆಯ ಅಕ್ಷರದ್ದು, ಬೋರಾನ್ ಅಂತೆ, ಸುತ್ತ ಮೂರು ಫ್ಲೋರಿನ್. ಫ್ಲೋರಿನ್ನುಗಳಿಗೆ ಎಂಟೆಂಟು. ಬೋರಾನಿಗೆ ಆರು. ಹಾಳೆಯನ್ನು ತಿರುಗಿಸಿದಳು, ಹಿಂದೆ ಮಸಿ ಒಸರಿದೆಯೇ ಎಂದು ನೋಡಿದಳು. ಆರೇ. ಮೇಷ್ಟ್ರೇ ಮರೆತಿದ್ದಾರೆ. ಅವಳು ಬಿಟ್ಟದ್ದು ಮೂವತ್ತೆಂಟು ಚುಕ್ಕೆ, ಮೇಷ್ಟ್ರು ಬಿಟ್ಟದ್ದು ಎರಡು.

ಒಳಕೋಣೆಯಿಂದ ಯಂತ್ರದ ಪಟ್ಟಿ ಏರಿಸುವ ಸದ್ದು ಕೇಳಿತು.

ಬರೀ ಚಿತ್ರಗಳಿದ್ದ ಆ ಪುಟಗಳನ್ನು ಚೌಕಟ್ಟಿಗೆ ಬಿಗಿದು ಬೆಳಿಗ್ಗೆಯೇ ಒಳಗೆ ಒಯ್ದಿದ್ದರು. ಮೇಷ್ಟ್ರು ಕೊನೆಯ ಕರಡು ನೋಡಲು ಬರುವಂತಿರಲಿಲ್ಲ. ಶಾಲೆಯಲ್ಲಿ ಪರೀಕ್ಷೆ, ಬಿಡುವಿಲ್ಲವೆಂದು ಸಹಿಗೆ ಬದಲಾಗಿ ಒತ್ತುವ ತಮ್ಮ ಹೆಸರಿನ ಮೊಹರನ್ನೇ ಪುಟಾಣಿ ತಗಡಿನ ಡಬ್ಬಿಯಲ್ಲಿಟ್ಟು ಮುದ್ರಣಾಲಯದ ಕೋ ಮೇಸ್ತ್ರಿಯ ಕೈಗೆ ಮೊದಲೇ ಕೊಟ್ಟು ಹೋಗಿದ್ದರು, ನೀವೇ ನೋಡಿ ಒತ್ತಿಬಿಡಿ ಎಂದು. ಮೇಸ್ತ್ರಿ ಮೊದಲ ಚಿತ್ರವನ್ನು ಹಸ್ತಪ್ರತಿಯ ಜೊತೆ ಹಿಡಿದು ನೋಡಿದ್ದ, ಎಲ್ಲ ಸರಿಯಾಗಿತ್ತು, ಒತ್ತಿದ್ದ. ಈಗ ಸೂ-ಯಿನ್ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇದು ಅವಳಿಗೆ ಸ್ಪಷ್ಟವಾಗಿ ಕಂಡಿತು, ಬಾಗಿಲು ತೆರೆದ ಕೋಣೆಯಂತೆ. ಗೊತ್ತಾದರೂ ಮೊಹರು ಮೇಷ್ಟ್ರದು. ಹೇಳಿದರೆ ಮೇಸ್ತ್ರಿ ಅವಳನ್ನು ಮತ್ತೆ ಹಿತ್ತಲಿನ ಕೋಣೆಗೆ ಹಾಕಬಹುದು, ಅಚ್ಚಾದ ಮೊಳೆಗಳನ್ನು ಬೇರ್ಪಡಿಸಿ ಗೂಡಿಗೆ ಮರಳಿಸುವ ಕೆಲಸಕ್ಕೆ. ಅಲ್ಲಿ ಹಸ್ತಪ್ರತಿ ಇಲ್ಲ, ಸಾಲು ಇಲ್ಲ, ಚೆಲ್ಲಾಪಿಲ್ಲಿ ಅಕ್ಷರಗಳು ಮಾತ್ರ. ಅರ್ಧ ಗಂಟೆಯ ಹಿಂದೆ ಅದು ಅವಳಿಗೆ ದೊಡ್ಡ ನಷ್ಟವಾಗಿರಲಿಲ್ಲ. ಈಗ, ಓದುವುದು ಶುರುವಾದ ದಿನವೇ! ಮೂರು ಸಾವಿರ ಪುಸ್ತಕ. ಯಾವುದೋ ಶಾಲೆಯಲ್ಲಿ ಒಂದು ಹುಡುಗಿ ಎಂಟು ಎಂದು ಓದಿ, ಚಿತ್ರ ನೋಡಿ, ನಾಲ್ಕನ್ನೇ ಎಣಿಸಿ, ಮತ್ತೆ ಎಣಿಸಿ, ತನ್ನದೇ ತಪ್ಪು, ತನಗೇ ತಲೆಯಿಲ್ಲ ಅಂದುಕೊಳ್ಳುತ್ತಾಳೆ. ಕೈಯೆತ್ತಿ ಕೇಳುವುದಿಲ್ಲ. ಆ ಹುಡುಗಿ ಕೇಳುವವಳಲ್ಲ ಎಂಬುದು ಸೂ-ಯಿನ್‌ಗೆ ಖಂಡಿತ ಗೊತ್ತಿತ್ತು.

ಎದ್ದಳು. ತಟ್ಟೆ ಎಲ್ಲಿಟ್ಟಳೋ ನೆನಪಿಲ್ಲ. ಮೇಸ್ತ್ರಿ ಒಳಕೋಣೆಯ ಹೊಸ್ತಿಲಲ್ಲಿ ನಿಂತು ಉರುಳೆಗೆ ಮಸಿ ಹತ್ತಿದ್ದನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದ.

“ಮೇಸ್ತ್ರಿ,” ಎಂದಳು. ಪಟ್ಟಿಯ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ. “ಮೇಸ್ತ್ರೀ!”

ಕೋಣೆಯಲ್ಲಿ ಮೊಳೆಗಳ ಟಿಕ್‌ಟಿಕ್ ನಿಂತುಹೋಯಿತು. ಅವಳ ದನಿ ಇಷ್ಟು ದೊಡ್ಡದಿದೆಯೆಂದು ಆರು ವರ್ಷದಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಅಬ್ಬಾ, ಮಚ್ಚೆ ಬಾಯಿಬಿಟ್ಲು!” ಬೀ-ಹೋಂಗ್ ಅಕ್ಕ ತಟ್ಟೆ ಸೊಂಟಕ್ಕಾನಿಸಿಕೊಂಡು ತಿರುಗಿದಳು. “ಏನೇ, ಇಲಿ ಕಂಡ್ಯಾ?”

“ಯಂತ್ರ ನಿಲ್ಸಿ. ಚುಕ್ಕೆ ಇಲ್ಲ.”

“ಯಾವ ಚುಕ್ಕೆ?” ಮೇಸ್ತ್ರಿ ತಿರುಗಲಿಲ್ಲ. “ಬಾಯಲ್ಲಿ ಬಿಸಿ ಗೆಣಸು ಇಟ್ಕೊಂಡಿದ್ದೀಯಾ? ನೆಟ್ಟಗೆ ಹೇಳು.”

“ನೀರಿಗೆ ನಾಲ್ಕು ಇಲ್ಲ. ಒಟ್ಟು ಮೂವತ್ತೆಂಟು ಇಲ್ಲ. ನಾನೇ ಬಿಟ್ಟಿದ್ದು. ಮಸಿ ಅಂದ್ಕೊಂಡೆ.”

“ಅಲ್ಲ ಕಣೇ,” ಅಕ್ಕ ನಗಲು ಶುರುಮಾಡಿದಳು, “ಮಸಿಗೆ ಮೊಳೆ ಹಾಕಿದ್ರೂ ನೀನೇ, ಮೊಳೆಗೆ ಮಸಿ ಅಂದ್ರೂ ನೀನೇ! ನಿನ್ನ ಕಣ್ಣಿಗೆ ಯಾರಾದ್ರೂ ಕರಡು ತಿದ್ದಬೇಕು.”

ಈ ನಗು ಅವಳಿಗೆ ತಾಗುತ್ತದೆಂದು ಸೂ-ಯಿನ್ ಕಾದಳು. ತಾಗಲಿಲ್ಲ, ಎಲ್ಲೋ ಪಕ್ಕದ ಗಲ್ಲಿಯಲ್ಲಿ ಯಾರೋ ನಕ್ಕಂತಿತ್ತು. ಹಾಳೆಯನ್ನು ಮೇಸ್ತ್ರಿಯ ಮುಖದ ಮುಂದೆ ಹಿಡಿದಳು. “ಎಣ್ಸಿ. ಈ ಬಳೆ ಸುತ್ತ ಎಣ್ಸಿ ಮೇಸ್ತ್ರಿ. ಎಂಟು. ಇಲ್ಲೂ ಎಣ್ಸಿ. ಎಂಟು. ಎಲ್ಲಿ ಬೇಕಾದ್ರೂ ಎಣ್ಸಿ! ನಡುವಿಂದು ಇಬ್ರಿಗೂ ಸೇರುತ್ತೆ, ಎರಡು ಸಲ ಎಣಿಸ್ಬೇಕು.”

ಮೇಸ್ತ್ರಿ ಎಣಿಸಿದ. ತುಟಿ ಅಲ್ಲಾಡುತ್ತಿದ್ದವು. ಮೂರನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಅವನ ಹುಬ್ಬು ಏರಿತು, ಮತ್ತೆ ಬಿಗಿಯಿತು. “ಮೊಹರು ಒತ್ತಾಯ್ತು,” ಎಂದ ಮೆಲ್ಲಗೆ. “ಮೊಹರು ಬಿದ್ಮೇಲೆ ತಪ್ಪು ತಪ್ಪಲ್ಲ.”

“ತಪ್ಪೇ.”

ಅದನ್ನು ಹೇಳಿದವಳು ತಾನೇ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಮೇಸ್ತ್ರಿ ಅವಳನ್ನು ನೋಡಿದ, ಬಹುಶಃ ಮೊದಲನೆಯ ಸಲ ಕೈಯ ಬದಲು ಮುಖ ನೋಡಿದ. ಆಮೇಲೆ ಒಳಗಿನವನಿಗೆ ಕೈಸನ್ನೆ ಮಾಡಿದ, ಪಟ್ಟಿ ನಿಂತಿತು. ತನ್ನ ಮೇಜಿಗೆ ಹೋಗಿ ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಬರೆದಿದ್ದ ಶಾಲೆಯ ನಂಬರು ತಿರುಗಿಸಿ, ಯಾರನ್ನೋ ಕರೆಯಲು ಹೇಳಿ, ಕಾದು, ಆ ಕಡೆ ದನಿ ಬಂದ ಕೂಡಲೇ ಫೋನನ್ನು ಅವಳ ಕೈಗೆ ತುರುಕಿದ.

“ನಾನ್ಯಾಕೆ?”

“ಮತ್ತೆ? ಎಂಟು ಅಂದವ್ಳು ನೀನು. ಅವರ ಮೊಹರು ಅಳಿಸೋಕೆ ಅವರ ಮಾತೇ ಬೇಕು. ಕೇಳು.”

“ಯಾರು?” ಎಂದಿತು ಫೋನು, ಶಾಲೆಯ ಭಾಷೆಯಲ್ಲಿ.

ಶಾಲೆಯ ಭಾಷೆ. ಅದನ್ನು ಆರಿಸುವುದು, ಸೀಳುವುದು, ಕೂಡಿಸುವುದು ಅವಳಿಗೆ ಗೊತ್ತಿತ್ತು. ಬಾಯಲ್ಲಿ ಹಿಡಿದು ಎಷ್ಟೋ ಕಾಲವಾಗಿತ್ತು. ಮಾತುಗಳು ಒಂದೊಂದೇ ಗೂಡಿನಿಂದ ಬಂದವು. ತಾನು ಮೊಳೆ ಆರಿಸುವವಳು ಎಂದಳು. ಚುಕ್ಕೆಗಳನ್ನು ಬಿಟ್ಟೆ ಎಂದಳು. ಎಲ್ಲಿ ಎಷ್ಟು ಎಂದು ಹೇಳುತ್ತ ಹೋದಳು, ಹೇಳುತ್ತ ಹೇಳುತ್ತ ಮಾತು ಬಿಸಿಯಾಯಿತು, ವೇಗ ಹತ್ತಿತು, ಪ್ರತಿಯೊಂದಕ್ಕೂ ಸುತ್ತ ಎಂಟು ಬರಬೇಕಲ್ಲ ಎನ್ನುವಾಗ ಆ ಎಂಟು ಮಾತ್ರ ಮನೆಯ ಭಾಷೆಯಲ್ಲಿ ಹೊರಬಿತ್ತು. ‘ಬಾ’ ಅನ್ನಬೇಕಾದಲ್ಲಿ ‘ಪೆ’. ಸೂ-ಯಿನ್‌ನ ಕೈ ತಾನಾಗಿಯೇ ಕೊರಳಿಗೆ ಹೋಯಿತು.

“ಎಂಟು ಅಂತ ನಿನಗೆ ಯಾರು ಹೇಳಿದ್ದು?” ಮೇಷ್ಟ್ರು ಕೇಳಿದರು.

“ಯಾರೂ ಇಲ್ಲ. ನೀವೇ ಬರೆದಿದ್ರಿ. ನಾನು ಎಣಿಸಿದೆ.”

“ಎಲ್ಲದರ ಸುತ್ತಲೂ?”

“ಎಲ್ಲದರ ಸುತ್ತಲೂ. ಕಡೆಯ ಆಮ್ಲಜನಕಕ್ಕೆ ಒಂಬತ್ತು ಬರ್ತಿತ್ತು, ಒಂದು ಮಸಿ.” ಆ ಕಡೆ ಏನೋ ಸದ್ದಾಯಿತು, ಕೆಮ್ಮೋ ನಗುವೋ ತಿಳಿಯಲಿಲ್ಲ. ಈಗ ನಿಲ್ಲಿಸಬೇಕಾಗಿತ್ತು. ಮೇಸ್ತ್ರಿ ಎದುರಿಗೆ ನಿಂತು ‘ಅಳಿಸ್ಬಹುದಾ, ಕೇಳು’ ಎಂದು ಬಾಯಿಸನ್ನೆ ಮಾಡುತ್ತಿದ್ದ. “ಮೇಷ್ಟ್ರೇ, ಆದ್ರೆ ನಿಮ್ದೂ ಒಂದು ಕಡೆ ಬಿಟ್ಟುಹೋಗಿದೆ. ಎರಡು ಹೊಟ್ಟೆಯ ಅಕ್ಷರಕ್ಕೆ ಆರೇ ಇದೆ. ಎರಡು ಹಾಕ್ತೀನಿ.”

“ಹಾಕಬೇಡ!” ಮೇಷ್ಟ್ರು ಎಷ್ಟು ಜೋರಾಗಿ ಕೂಗಿದರೆಂದರೆ ಮೇಸ್ತ್ರಿಗೂ ಕೇಳಿಸಿತು. “ಮೂವತ್ತೆಂಟನ್ನು ಹಾಕು, ಪುಟ ಬಿಚ್ಚು, ಎಷ್ಟು ಹೊತ್ತಾದರೂ ಆಗಲಿ. ಆ ಎರಡನ್ನು ಮಾತ್ರ ಹಾಕಬೇಡ. ಬೋರಾನಿಗೆ ಇರುವುದೇ ಆರು.”

“ಎಂಟು ಬೇಕು ಅಂತ ನೀವೇ ಬರೆದಿದ್ದೀರಿ.”

“ಬೇಕು. ಆದರೆ ಇಲ್ಲ.”

ಸೂ-ಯಿನ್ ಹಾಳೆಯ ಆ ಅಕ್ಷರವನ್ನು ಮತ್ತೆ ನೋಡಿದಳು. ಬೇಕು, ಆದರೆ ಇಲ್ಲ. ಎಂಟರ ಸುಖ ಅವಳೊಳಗೆ ಇಷ್ಟು ಹೊತ್ತು ಗಟ್ಟಿಯಾಗಿ ಕೂತಿತ್ತು, ಈಗ ಅದರ ಒಂದು ಬದಿ ತೆರೆದುಕೊಂಡಿತು. ಅಲ್ಲಿಂದ ಗಾಳಿ ಬಂತು. ನಾಚಿಕೆಯಾಗಬೇಕಿತ್ತು, ಮೇಷ್ಟ್ರ ತಪ್ಪು ಹಿಡಿಯಲು ಹೋಗಿ ತನ್ನದೇ ತಪ್ಪಾಯಿತಲ್ಲ ಎಂದು. ಬಂದದ್ದು ಪ್ರಶ್ನೆ, ಅದೂ ನಾಲಗೆಯ ತುದಿಯವರೆಗೆ. ಶಾಲೆಯಲ್ಲಿದ್ದ ಅಷ್ಟೂ ವರ್ಷ ಅವಳು ಒಂದು ಪ್ರಶ್ನೆ ಕೇಳಿದವಳಲ್ಲ.

“ಹಾಗಾದ್ರೆ ಅದು ಏನ್ಮಾಡುತ್ತೆ, ಮೇಷ್ಟ್ರೇ?”

“ಏನ್ಮಾಡುತ್ತೆ ಅಂದ್ರೆ...” ಮೇಷ್ಟ್ರು ತಡೆದರು. ಅಲ್ಲೆಲ್ಲೋ ಗಂಟೆ ಬಾರಿಸಿತು, ಕುರ್ಚಿಗಳು ಸರಿದವು, ಯಾರೋ ಅವರನ್ನು ಕರೆದರು. “ಇರಿ, ಇರಿ, ಬಂದೆ,” ಎಂದು ಯಾರಿಗೋ ಹೇಳಿ, ಮತ್ತೆ ಫೋನಿಗೆ ಬಾಯಿಟ್ಟು, “ಸಾರಜನಕದ ಹೊರಗಡೆ ನೀನು ಬಿಟ್ಟೆಯಲ್ಲ, ಆ ಒಂಟಿ ಜೋಡಿ. ಯಾರ ಕಡೆಗೂ ಮುಖ ಮಾಡದೆ ಕೂತದ್ದು. ಅದು ಗೊತ್ತಲ್ಲ? ಇರು, ಸೀಮೆಸುಣ್ಣ ತಗೋತೀನಿ.”

ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು. ಅದು ಫೋನು, ತಾನು ಅಲ್ಲಿಲ್ಲ, ತನಗೆ ಕರಿಹಲಗೆ ಕಾಣುವುದಿಲ್ಲ ಎಂದು ಅವಳು ಹೇಳುವಷ್ಟರಲ್ಲಿ ಆ ಕಡೆ ಬರೆಯಲು ಶುರುವಾಗಿತ್ತು. ಮೊದಲು ಎರಡು ಹೊಟ್ಟೆ ತಿದ್ದಿದ ಸದ್ದು. ಆಮೇಲೆ ಟಕ್ ಟಕ್. ಟಕ್ ಟಕ್. ಟಕ್ ಟಕ್. ಆರು. ನಾಲ್ಕನೆಯ ಕಡೆ ಏನೂ ಇಲ್ಲ. ಆ ಏನೂ ಇಲ್ಲದ್ದು ಕೇಳಿಸುವಷ್ಟು ಹೊತ್ತು ಮೇಷ್ಟ್ರು ಬಿಟ್ಟರು. ಮತ್ತೆ ಮೂರು ಗೀರು, ಇದು ಸಾರಜನಕ. ಟಕ್ ಟಕ್, ಟಕ್ ಟಕ್, ಟಕ್ ಟಕ್, ಬೇಗಬೇಗ. ಕೊನೆಗೆ ನಿಧಾನವಾಗಿ, ಬೋರಾನಿನ ಆ ಖಾಲಿ ಕಡೆಗೆ ವಾಲಿದಂತೆ, ಇನ್ನೆರಡು: ಆ ಒಂಟಿ ಜೋಡಿ.

“ಎಂಟು,” ಎಂದಳು ಸೂ-ಯಿನ್, ಯಾವ ಭಾಷೆಯಲ್ಲೆಂದು ನೋಡಿಕೊಳ್ಳದೆ. “ಎಂಟು! ಇಬ್ಬರಿಗೂ ಎಂಟು!”

“ಕಾಣಿಸ್ತಾ?” ದೂರದಿಂದ ಮೇಷ್ಟ್ರು ಕೂಗಿದರು.

ಮೇಸ್ತ್ರಿ ಫೋನು ಇಡುವಂತೆ ಕೈಯಾಡಿಸುತ್ತಿದ್ದ, ಬೀ-ಹೋಂಗ್ ಅಕ್ಕ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು ಕಿವಿಗೊಡುತ್ತಿದ್ದಳು. ಸೂ-ಯಿನ್ ಇಬ್ಬರಿಗೂ ಬೆನ್ನು ಮಾಡಿ, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು.

“ಕಾಣಿಸ್ತು ಮೇಷ್ಟ್ರೇ. ಇನ್ನೊಂದ್ಸಲ ಬರೀರಿ.”